ಕೊನೆಯಲ್ಲಿ ‘ಐ’ ಇದ್ದ ಸಂದೇಶ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ಗೋರೆಗಾಂವ್‌ನ ಒಂದು ಆರೋಗ್ಯ ವಿಮಾ ಕಂಪನಿಯಲ್ಲಿ ಮೇನ್‌ಫ್ರೇಮ್ ಆಪರೇಟರ್ ಆಗಿದ್ದೆ. ಮೇನ್‌ಫ್ರೇಮ್ ಎಂದರೆ ಕಂಪನಿಯ ಎಲ್ಲ ಪಾಲಿಸಿಗಳನ್ನೂ ಒಂದೇ ಕಡೆ ಸಂಭಾಳಿಸುವ ದೊಡ್ಡ ಕಂಪ್ಯೂಟರ್. ಅದು ಸಿಸ್ಟಮ್ ಸಂದೇಶಗಳ ಮೂಲಕ ಮಾತಾಡುತ್ತದೆ, ಮಾತೋ ವಿಪರೀತ. ನಮ್ಮ ಶಿಫ್ಟ್ ಮುಖ್ಯಸ್ಥರಾದ ವಿಜಯಪುರದ ನದಾಫ್ ಸಾಹೇಬರು ನನಗೆ ಅದರ ಭಾಷೆ ಕಲಿಸಿದ್ದರು. ಸಂದೇಶದ ಸಂಕೇತದಲ್ಲಿ ಮೊದಲ ಅಕ್ಷರಗಳು ಸಿಸ್ಟಮ್‌ನ ಯಾವ ಭಾಗ ಮಾತಾಡುತ್ತಿದೆ ಎಂದು ಹೇಳುತ್ತವೆ, ಕೊನೆಯ ಅಕ್ಷರ ನಮ್ಮಿಂದೇನು ಬೇಕೆಂದು. ‘ಎ’ ಇದ್ದರೆ ಏನಾದರೂ ಮಾಡಬೇಕು, ‘ಡಿ’ ಇದ್ದರೆ ತೀರ್ಮಾನ ತಿಳಿಸಬೇಕು, ‘ಐ’ ಇದ್ದರೆ ಬರೀ ಮಾಹಿತಿ.

ಬರೀ ಮಾಹಿತಿಗೆ ಯಾರು ಕಿವಿಗೊಡುತ್ತಾರೆ? ‘ಐ’ ಸಂದೇಶಗಳು ಪರದೆಗೇ ಬಾರದಂತೆ ಮಾಡಿಕೊಳ್ಳುವುದು ನಮ್ಮ ಕೋಣೆಯ ರೂಢಿಯಾಗಿತ್ತು.

ಒಂದು ಮಧ್ಯಾಹ್ನ ದಹಿಸರ್‌ನ ಆಸ್ಪತ್ರೆಯೊಂದರಿಂದ ಫೋನ್ ಬಂತು. ಟ್ಯಾಕ್ಸಿ ಚಾಲಕರೊಬ್ಬರ ಹೃದಯಕ್ಕೆ ಸ್ಟೆಂಟ್ ಹಾಕಬೇಕಿತ್ತು. ಪಾಲಿಸಿ ಬೆಳಿಗ್ಗೆಯೇ ನವೀಕರಣವಾಗಿದ್ದರೂ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಅವಧಿ ಮುಗಿದಿದೆ ಎಂದೇ ಬರುತ್ತಿತ್ತು. ನಮ್ಮ ಒಪ್ಪಿಗೆ ಸಿಗದೆ ಅವರು ಶುರು ಮಾಡುವಂತಿರಲಿಲ್ಲ. ನವೀಕರಣಗಳನ್ನು ಆಸ್ಪತ್ರೆಗಳಿಗೆ ತಲುಪಿಸುವ ಜಾಬ್, ಅಂದರೆ ಮೇನ್‌ಫ್ರೇಮ್ ತಾನೇ ಓಡಿಸುವ ಕೆಲಸ, ಆಗಲೇ ಮುಗಿದಿರಬೇಕಿತ್ತು. ನಮ್ಮ ಪರದೆಯಲ್ಲಿ ಅದು ಓಡುತ್ತಲೇ ಇತ್ತು, ಒಂದು ದೂರೂ ಇರಲಿಲ್ಲ.

“ಕ್ಯಾನ್ಸಲ್ ಮಾಡಿ ಮತ್ತ ಹಚ್ಚಲಿ ಏನ್ರಿ ಸಾಹೇಬ್ರ?” ಎಂದೆ.

“ಅದು ಏನ್ ಹೇಳಾಕತ್ತೇತಿ, ಮದಲ ಅದನ್ನ ಕೇಳವ್ವಾ. ‘ಐ’ ತೆರಿ.”

ತೆರೆದೆ. IEF099I, ಜಾಬ್ ಫೈಲಿಗಾಗಿ ಕಾಯುತ್ತಿದೆ. ಪಾಪ, ಆಗಲೇ ಹೇಳಿತ್ತು! ಹಾಗೇ ಮತ್ತೆ ಹಚ್ಚಿದ್ದರೆ ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಫೈಲ್ ಯಾರ ಕೈಯಲ್ಲಿದೆ ಎಂದು ಸಿಸ್ಟಮ್ಮನ್ನೇ ಕೇಳಿದಾಗ ಬಂದದ್ದು ಮೇಲಿನ ಮಹಡಿಯ ಗೆಳತಿ ಪ್ರಾಜಕ್ತಾಳ ಹೆಸರು. ಫೈಲ್ ತೆರೆದಿಟ್ಟು ಊಟಕ್ಕೆ ಹೋಗಿದ್ದಳು. ಅವಳ ಸೆಷನ್, ಅಂದರೆ ಸಿಸ್ಟಮ್‌ ಜೊತೆಗಿನ ಸಂಪರ್ಕ, ಇಲ್ಲಿಂದಲೇ ಕತ್ತರಿಸಿದರೆ ಅವಳು ಉಳಿಸದ ಬೇರೆ ಕೆಲಸವೂ ಹಾಳಾಗುತ್ತಿತ್ತು.

“ಕ್ಯಾಂಟೀನಿಗೆ ಓಡು. ಸಿಗಲಿಲ್ಲಂದ್ರ ಫೋನ್ ಮಾಡು, ನಾ ಇಲ್ಲೆ ಕತ್ತರಿಸ್ತೀನಿ,” ಎಂದರು ಸಾಹೇಬರು.

ಓಡಿದೆ. ಪ್ರಾಜಕ್ತಾ ಡಬ್ಬಿ ಬಿಟ್ಟು ಎದ್ದಳು. “ಅರೇ, ಮೈ ತೋ ಬಸ್ ದೇಖ್ ರಹೀ ಥೀ!” ಸುಮ್ಮನೆ ನೋಡುತ್ತಿದ್ದಳಂತೆ. ಮೇನ್‌ಫ್ರೇಮ್‌ನಲ್ಲಿ ಒಬ್ಬರು ಸುಮ್ಮನೆ ನೋಡುತ್ತಿದ್ದರೂ ಆ ಫೈಲನ್ನು ಬದಲಿಸಲು ಬಂದ ಜಾಬ್ ಬಾಗಿಲಲ್ಲೇ ನಿಲ್ಲಬೇಕು. ಅವಳು ತನ್ನ ಮೇಜಿಗೆ ಓಡಿ ಫೈಲ್ ಮುಚ್ಚಿದಳು, ಜಾಬ್ ಸರಸರನೆ ಮುಗಿಯಿತು. ಮುಗಿಯಿತೆಂದು ತಿಳಿಸಿದ್ದೂ ಒಂದು ‘ಐ’ ಸಂದೇಶವೇ. ಅದನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಸಂಜೆ ಆಸ್ಪತ್ರೆಯವರು ಮತ್ತೆ ಫೋನ್ ಮಾಡಿ, ಸ್ಟೆಂಟ್ ಹಾಕಿದೆವು, ರೋಗಿ ಕ್ಷೇಮ ಎಂದರು. ನಾನು ಅತ್ತುಬಿಟ್ಟೆ.

“ಬೇಕು ಅನ್ನಾವ್ರ ದನಿ ಹೆಂಗಿದ್ರೂ ಕೇಳತೇತಿ,” ಎಂದರು ಸಾಹೇಬರು. “ಏನೂ ಬೇಡ ಅನ್ನಾವ್ರದ್ದ ಪೂರಾ ಓದಬೇಕವ್ವಾ.”

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಸಾಹೇಬರು ನಿವೃತ್ತರಾಗಿ ಹೆಂಡತಿಯೊಂದಿಗೆ ವಿಕ್ರೋಳಿಯಲ್ಲಿದ್ದಾರೆ. ಹೋದ ತಿಂಗಳು ಫೋನ್ ಮಾಡಿ, “ಬೀಬಿನ್ನ ದವಾಖಾನಿಗೆ ಸೇರಿಸೇನಿ. ಎಲ್ಲಾ ಆರಾಮ ಐತಿ. ಏನೂ ಬೇಡ, ಸುಮ್ನ ಹೇಳಿದೆ,” ಎಂದರು.

ಶಿಫ್ಟ್ ಇನ್ನೊಬ್ಬರಿಗೆ ಒಪ್ಪಿಸಿ, ಎರಡು ಡಬ್ಬಿ ಊಟ ಕಟ್ಟಿಸಿಕೊಂಡು ಲೋಕಲ್ ರೈಲು ಹತ್ತಿದೆ.