ಹುಡುಗನ ಕಾಲ್ಗುಣ

ಗಾಳಿಯಂತ್ರ ರಿಪೇರಿ ಮಾಡುವವನು ವಿಜಯನಗರದಂಥ ಜಾಗದಲ್ಲಿ ಮನೆ ಮಾಡಬಾರದು. ಮಾಡಿದರೂ, ಏನು ಕೆಲಸ ಎಂದು ಕೇಳಿದವರ ಮುಂದೆ ಬಾಯಿ ಬಿಡಬಾರದು. ನನಗೆ ಈ ಬುದ್ಧಿ ಬರುವಷ್ಟರಲ್ಲಿ ಇಡೀ ಬೀದಿಗೆ ಸುದ್ದಿ ಹಬ್ಬಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಚಿತ್ರದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ಕಾಲ ಅದು. ನಾನು ಅಲ್ಲಿ ಟೆಕ್ನೀಷಿಯನ್. ಕಂಬದ ಒಳಗಿನ ಏಣಿ ಹತ್ತಿ, ತುದಿಯಲ್ಲಿರುವ ಪೆಟ್ಟಿಗೆಯಂಥ ಕೋಣೆ ಸೇರಿ, ಗ್ರೀಸ್ ಹಾಕುವುದು, ಬೋಲ್ಟು ಬಿಗಿ ಮಾಡುವುದು, ಕೆಟ್ಟದ್ದನ್ನು ಬದಲಿಸುವುದು ನನ್ನ ಕೆಲಸ. ರಜೆ ಸಿಕ್ಕಾಗ ವಿಜಯನಗರದ ಬಾಡಿಗೆ ಮನೆಯಲ್ಲಿದ್ದ ಅಮ್ಮನ ಹತ್ತಿರ ಬರುತ್ತಿದ್ದೆ.

ಬ್ಯಾಗು ಕೆಳಗಿಡುವ ಮೊದಲೇ ಮಹಡಿಯ ಓನರ್ ಆಂಟಿ ಕೆಟ್ಟ ಫ್ಯಾನು ಹಿಡಿದು ಇಳಿದು ಬರುತ್ತಿದ್ದರು. ನಾನು ಬರುವವರೆಗೂ ಕಾದಿಟ್ಟಿರುತ್ತಿದ್ದರು. ಆಂಟಿ, ನಮ್ಮದು ಆ ಫ್ಯಾನಲ್ಲ, ಇದು ತಿರುಗಲು ಕರೆಂಟು ಬೇಕು, ಅದು ತಿರುಗಿದರೆ ಕರೆಂಟು ಬರುತ್ತದೆ ಎಂದು ಬಿಡಿಸಿ ಹೇಳಿದರೆ, ಅಷ್ಟು ದೊಡ್ಡದು ಮಾಡುವವನಿಗೆ ಇಷ್ಟು ಚಿಕ್ಕದು ಬರಲ್ಲವೇ ಎಂದು ಕೇಳುತ್ತಿದ್ದರು. ಬರುತ್ತಿತ್ತು, ಅದೇ ನನ್ನ ಕರ್ಮ. ಕಂಡೆನ್ಸರ್ ಬದಲಿಸಿದರೆ ಓಡುತ್ತಿತ್ತು. ಓಡಿದ ಮೇಲೆ ಪಕ್ಕದ ಮನೆಯದು, ಎದುರು ಮನೆಯದು. ಅಮ್ಮನಾದರೂ ಸರಿಯಾಗಿ ಹೇಳುತ್ತಿದ್ದಳೇ ಎಂದರೆ, ಅವಳು ನಮ್ಮ ಹುಡುಗ ಗಾಳಿ ಕೆಲಸ ಮಾಡುತ್ತಾನೆ ಎನ್ನುತ್ತಿದ್ದಳು. ಬ್ಯಾಡರಹಳ್ಳಿಯಿಂದ ಒಬ್ಬ ಅಜ್ಜಿ ಅದನ್ನು ನಂಬಿ, ಬೆಚ್ಚಿಬೀಳುವ ಮೊಮ್ಮಗಳನ್ನು ಕರೆದುಕೊಂಡು, ನಿಂಬೆಹಣ್ಣು ಸಮೇತ ನಮ್ಮ ಬಾಗಿಲಿಗೆ ಬಂದಿದ್ದರು. ಗಾಳಿ ಬಿಡಿಸುವವನು ನಾನಲ್ಲ ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ನಿಂಬೆಹಣ್ಣನ್ನು ಮಾತ್ರ ಅಮ್ಮ ಇಟ್ಟುಕೊಂಡಳು.

ಇಂಥ ಕೆಲಸದವನಿಗೆ ಹೆಣ್ಣು ಹುಡುಕುವುದು ಹೇಗೆ? ಮದುವೆ ಮಾತೇ ಆಡದ ಆಷಾಢದಲ್ಲಿ ನಮ್ಮ ಗುಡ್ಡದಲ್ಲಿ ಗಾಳಿಯೋ ಗಾಳಿ. ಯಂತ್ರ ಒಂದು ಗಳಿಗೆ ನಿಂತರೂ ಆಫೀಸಿನವರು ಪ್ರಾಣ ತಿನ್ನುತ್ತಿದ್ದರು. ರಜೆ ಎಂಬ ಮಾತು ಎತ್ತುವ ಹಾಗಿರಲಿಲ್ಲ. ಗಾಳಿ ಇಳಿದು ಲಗ್ನದ ದಿನಗಳು ಬಂದವೋ, ಆಗ ಸರ್ವೀಸಿಂಗ್ ಶುರು. ಆಗಲೂ ರಜೆಯಿಲ್ಲ. ಕಾರ್ತೀಕದಲ್ಲಿ ಕಾಡಿ ಬೇಡಿ ಎರಡು ದಿನ ಪಡೆದುಕೊಂಡು ಬಂದೆ. ಬಸವೇಶ್ವರನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಚಂದ್ರಾ ಲೇಔಟಿನ ಒಂದು ಸಂಬಂಧ ನೋಡಿದ್ದ.

ಹುಡುಗಿಯ ತಂದೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ಕೇಳಿದ್ದು ಮಾತ್ರ ನೇರ. ಎಷ್ಟು ವಯಸ್ಸಿನವರೆಗೆ ಹತ್ತಬಹುದು, ಆಮೇಲೇನು ಎಂದರು. ಮೊಣಕಾಲು ಗಟ್ಟಿಯಿರುವ ತನಕ ಹತ್ತಬಹುದು, ಆಮೇಲೆ ಸೈಟಿನ ಇನ್‌ಚಾರ್ಜ್, ಅದೃಷ್ಟ ಇದ್ದರೆ ಆಫೀಸು ಎಂದೆ. ಈ ಕೆಲಸದಲ್ಲಿ ಪ್ರಮೋಷನ್ ಅಂದರೆ ಮೇಲಿನಿಂದ ಕೆಳಗೆ ಬರುವುದು ಸಾರ್ ಎಂದು ನಕ್ಕೆ. ಅವರು ನಗಲಿಲ್ಲ. ಮಾವ ಮಾತ್ರ ಗಟ್ಟಿಯಾಗಿ ನಕ್ಕು, ಕೇಸರಿಬಾತು ಇನ್ನೊಂದು ಸಲ ಹಾಕಿಸಿಕೊಂಡ.

ಹುಡುಗಿ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನೂ ಟೆರೇಸಿಗೆ ಕಳಿಸಿದರು. ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ನಿಂತು ಅವಳು ಕೇಳಿದ ಮೊದಲ ಪ್ರಶ್ನೆ:

“ಮೇಲೆ ಹೋದ್ಮೇಲೆ ಬಾತ್‌ರೂಮಿಗೆ ಹೋಗ್ಬೇಕು ಅನ್ಸಿದ್ರೆ ಏನ್ ಮಾಡ್ತೀರಾ?”

ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಬುದ್ಧಿವಂತ ಪ್ರಶ್ನೆ ಕೇಳಿರಲಿಲ್ಲ. ಹತ್ತುವ ಮೊದಲು ನೀರೇ ಕುಡಿಯುವುದಿಲ್ಲ ಎಂದೆ. ಹಾಗೆ ಮಾಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಮಕ್ಕಳನ್ನು ಗದರಿಸುವ ಹಾಗೆ ಗದರಿದಳು. ನನಗೆ ಅಲ್ಲೇ ಮದುವೆಯಾದ ಹಾಗಾಯಿತು. ಇವಳನ್ನು ಬಿಟ್ಟರೆ ಬೇರೆ ಬೇಡ ಎಂದು ಬಸ್ಸಿನಲ್ಲೇ ಅಮ್ಮನಿಗೆ ಹೇಳಿದೆ.

ಅವರ ಕಡೆಯಿಂದ ಉತ್ತರ ಬರಲಿಲ್ಲ. ನಾನು ಗುಡ್ಡಕ್ಕೆ ಮರಳಿ, ಸಂಜೆ ಹೊತ್ತು ಊರಿನ ಎಸ್‌ಟಿಡಿ ಬೂತಿನಿಂದ ಮಾವನ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಕೊನೆಗೊಂದು ಸಂಜೆ ಮಾವ ಗಂಟಲು ಸರಿಮಾಡಿಕೊಂಡು ಹೇಳಿದ: “ಬೇಡ್ವಂತೆ ಕಣೋ. ನಿನ್ನ ಕಾಲ್ಗುಣ ಸರಿಯಿಲ್ವಂತೆ.”

ಕಾಲ್ಗುಣ! ಮನೆ ತುಂಬುವ ಸೊಸೆಯ ಕಾಲ್ಗುಣ ನೋಡುವುದನ್ನು ಕೇಳಿದ್ದೇನೆ, ಹಸು ತಂದರೆ ಅದರ ಕಾಲ್ಗುಣ ನೋಡುವುದನ್ನೂ ಕೇಳಿದ್ದೇನೆ. ಹೆಣ್ಣು ನೋಡಲು ಹೋದ ಗಂಡಿನ ಕಾಲ್ಗುಣ ನೋಡಿದವರನ್ನು ಅದುವರೆಗೆ ಕೇಳಿರಲಿಲ್ಲ. ಕೆದಕಿದಾಗ ಸಂಗತಿ ಹೊರಬಿತ್ತು. ಹುಡುಗಿಯ ತಂದೆ ಚಿತ್ರದುರ್ಗದ ಕಡೆಯ ತಮ್ಮ ಮನೆದೇವರಿಗೆ ಹೋದವರು, ನನಗೆ ತಿಳಿಸದೆ ನಮ್ಮ ಗುಡ್ಡಕ್ಕೂ ಬಂದಿದ್ದರು. ಜೊತೆಗೆ ಮಾವನೂ ಇದ್ದ. ಸಾಲಿನಲ್ಲಿ ಎಲ್ಲ ಫ್ಯಾನೂ ತಿರುಗುತ್ತಿತ್ತಂತೆ, ನಾನು ಹತ್ತಿದ್ದು ಮಾತ್ರ ನಿಂತಿತ್ತಂತೆ. ನಾನು ಇಳಿದು ಬಂದದ್ದೇ ತಡ ಅದು ಓಡತೊಡಗಿತಂತೆ. ಪಕ್ಕದ್ದರ ಬಾಗಿಲಿಗೆ ಕಾಲಿಟ್ಟೆ, ಅದೂ ನಿಂತಿತಂತೆ.

ನಿಲ್ಲದೆ ಏನು ಮಾಡುತ್ತದೆ? ನಿಲ್ಲಿಸಿಯೇ ಹತ್ತಬೇಕು. ಬ್ರೇಕ್ ಹಾಕಿ, ರೆಕ್ಕೆ ಅಲುಗದ ಹಾಗೆ ಲಾಕ್ ಮಾಡಿದ ಮೇಲೇ ಯಂತ್ರಕ್ಕೆ ಕೈ ಹಾಕುವುದು. ಓಡುವಾಗ ಕೈ ಹಾಕಿದರೆ ಮದುವೆಗಲ್ಲ, ತಿಥಿಗೆ ಕರೆಯಬೇಕಾಗುತ್ತದೆ. ಇಷ್ಟನ್ನು ಅಲ್ಲೇ ಹೇಳುವುದಕ್ಕೇನಾಗಿತ್ತು ಎಂದರೆ, ನನಗೇನು ಗೊತ್ತು, ನಾನೂ ಹಾಗೇ ಅಂದುಕೊಂಡೆ ಎಂದ ಮಾವ. ಇಂಥ ಮಾವ ಇರುವಾಗ ಶನಿಕಾಟ ಬೇರೆ ಯಾಕೆ.

ಹೇಗೋ ಒಂದು ದಿನದ ರಜೆ ಗಿಟ್ಟಿಸಿ ಬಂದು, ಭಾನುವಾರ ಅಮ್ಮನಿಗೆ ಮಾತ್ರ ತಿಳಿಸಿ, ಅವರಿಗೆ ಹೇಳದೆ ಕೇಳದೆ ಚಂದ್ರಾ ಲೇಔಟಿಗೆ ಹೋದೆ. ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಳ್ಳುತ್ತಾ ಬಂದಿದ್ದೆ. ಹುಡುಗಿಯ ತಂದೆ ಬಾಗಿಲು ತೆಗೆದು ಕೂರಿಸಿದ ಕೂಡಲೇ ಶುರು ಮಾಡಿಬಿಟ್ಟೆ. ಅವರ ಮನೆಯ ಫ್ಯಾನಿನತ್ತ ಬೆರಳು ತೋರಿಸಿ, ಇದನ್ನು ಒರೆಸುವಾಗ ಆಫ್ ಮಾಡುತ್ತೀರೋ ಇಲ್ಲವೋ ಎಂದೆ. ಬ್ರೇಕು, ಲಾಕು, ಎಲ್ಲ ಹೇಳಿದೆ. ಕಾಲ್ಗುಣ ಗೀಲ್ಗುಣ ಎಂದು ಒಬ್ಬನ ಬಾಳು ಹಾಳು ಮಾಡಬಾರದು ಎಂದು ದನಿ ಏರಿಸಿಯೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೋಡಪ್ಪಾ, ಜೀವನ ಪೂರ್ತಿ ಲೇತ್ ಮೇಲೆ ಕೆಲಸ ಮಾಡಿದೋನು ನಾನು. ಮಿಷಿನ್ ನಿಲ್ಸೇ ಕೈ ಹಾಕ್ಬೇಕು ಅಂತ ಗೊತ್ತಿಲ್ವಾ? ಕಾಲ್ಗುಣ ಅಂದ್ರೆ ನಿಮ್ಮಾವ ಇನ್ನೇನೂ ಕೇಳಲ್ಲ ಅಂತ ಹಾಗಂದೆ.”

ಅವರು ನೆಲ ನೋಡುತ್ತಾ ಮುಂದುವರಿಸಿದರು. ಆ ದಿನ ನಾನು ಮೇಲಿನ ಕೋಣೆಯ ಮುಚ್ಚಳ ತೆಗೆದು ಅದರ ಛಾವಣಿಯ ಮೇಲೆ ನಿಂತಿದ್ದೆನಂತೆ. ನಿಂತಿರಬೇಕು, ಗಾಳಿ ಅಳೆಯುವ ಮೀಟರ್ ಅಲ್ಲೇ ಇರುವುದು. ಸೊಂಟಕ್ಕೆ ಹಗ್ಗ ಕಟ್ಟಿರುತ್ತೇವೆ, ಏನೂ ಆಗುವುದಿಲ್ಲ ಎಂದು ಹೇಳಲು ಹೋದೆ. ಅವರು ಬೇಡವೆನ್ನುವಂತೆ ಕೈ ಎತ್ತಿದರು.

“ಕೆಳಗಿಂದ ನೋಡ್ದೆ. ಕಾಲು ನಿಲ್ಲಲಿಲ್ಲ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ ಮಗಳು ಇಲ್ಲಿ ಕೂತ್ಕೊಂಡು ದಿನಾ ಅದನ್ನ ನೆನೆಸ್ಕೋಬೇಕಲ್ಲಪ್ಪಾ.”

ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾಚಿಕೆ ಬಿಟ್ಟು, ನೀವೇನಂತೀರಿ ಎಂದು ಅವಳನ್ನೇ ಕೇಳಿದೆ. ಕೆಳಗೆ ಇರುವ ಕೆಲಸ ಯಾವಾಗ ಸಿಗುತ್ತದೆ ಎಂದಳು. ಒಂದು ನಾಲ್ಕೈದು ವರ್ಷ ಆಗಬಹುದು, ಆಗದೆಯೂ ಇರಬಹುದು ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅವಳು ಬೆರಳು ಮಡಿಚಿ ವರ್ಷ ಎಣಿಸಿದಳು. ಆ ಹೊತ್ತಿನಲ್ಲಿ ನಾನು ಎಷ್ಟು ಆಸೆಪಟ್ಟೆನೋ ನನಗೇ ಗೊತ್ತು.

“ನನ್ ಕೈಲಿ ಆಗಲ್ಲ,” ಎಂದಳು. ಕಣ್ಣು ತುಂಬಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

ಚಂದ್ರಾ ಲೇಔಟಿನಿಂದ ನಡೆದೇ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ನಾನು ಎಷ್ಟು ಎತ್ತರ ಹತ್ತುತ್ತೇನೆ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಏನಂದರು, ಯಾಕೆ ಬೇಡವಂತೆ ಎಂದು ಅವಳು ನನ್ನ ಕೈ ಹಿಡಿದು ಕೇಳಿದಾಗ ಅವಳ ಮುಖ ನೋಡಿದೆ.

“ಕಾಲ್ಗುಣ ಸರಿಯಿಲ್ವಂತೆ ಅಮ್ಮ,” ಎಂದೆ.