ಅತ್ತೆಯ ಕಾಫಿಗೆ ನಾನು ಹಾಕಿದ್ದು

ನಮ್ಮ ಅತ್ತೆಗೆ ನಾನು ಮದ್ದು ಹಾಕಿದ್ದೇನಂತೆ!

ನಗಬೇಡಿ. ಡಾಕ್ಟರು ಕೊಡುವ ಮದ್ದಲ್ಲ. ನಮ್ಮ ಕಡೆ ಹೆಂಗಸರು ದನಿ ತಗ್ಗಿಸಿ ಹೇಳುವ ಆ ಇನ್ನೊಂದು ಮದ್ದು. ಊಟದಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸಿ ಕೊಟ್ಟರೆ, ತಿಂದವರು ಒಣಗಿ ಒಣಗಿ ಸಾಯುತ್ತಾರಂತಲ್ಲ, ಅದು. ಗುಬ್ಬಿಯಲ್ಲಿರುವ ನಮ್ಮವರ ಅಕ್ಕ ಜಯಮ್ಮ ಈ ಮಾತನ್ನು ತಮ್ಮ ಮನೆಯ ಬೀದಿಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ ಹೇಳಿದರು.

ನಾನು ಇಂಟರ್‌ಮೀಡಿಯೆಟ್ ಓದಿದವಳು. ಮನೆ ನಡೆಸುವುದು ಹೇಗೆ ಅಂತ ಈ ಅಂಕಣದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವವಳು. (ನೀವು ಕೇಳುತ್ತೀರೋ ಇಲ್ಲವೋ, ಅದು ಬೇರೆ ಮಾತು.) ಜಯಮ್ಮನವರ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಈಗ ಬರೆಯಲು ಕೂತರೆ ಆ ಸಿಟ್ಟಿನ ಸುಳಿವೇ ಇಲ್ಲ. ನಾಚಿಕೆಯೊಂದೇ ಇದೆ.

ನಡೆದದ್ದು ಹೀಗೆ.

ಅತ್ತೆ ಅಮೃತೂರಿನ ಕಡೆಯವರು. ಮಾವ ತೀರಿಕೊಂಡ ಮೇಲೆ ತುಮಕೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಗಟ್ಟಿ ಹೆಂಗಸು. ಒರಳಿನ ಮುಂದೆ ಕೂತರೆ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಂಥವರು ಸೊರಗತೊಡಗಿದರು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಕಾಲಿನ ಬೆರಳಿಗೆ ಆದ ಚಿಕ್ಕ ಗಾಯ ಮಾಯಲೇ ಇಲ್ಲ. ಡಾಕ್ಟರು ಮೂತ್ರ ಟೆಸ್ಟ್ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು.

ಹೊರಗೆ ಬಂದವರೇ ಅತ್ತೆ ನನ್ನ ಕೈ ಹಿಡಿದುಕೊಂಡರು. "ಜಯಮ್ಮನ ಮನೇಲಿ ಮಾತ್ರ ಉಸಿರು ಬುಡಬೇಡ ಕಣವ್ವ. ಮೊಮ್ಮಗಳಿಗೆ ಗಂಡು ಗೊತ್ತು ಮಾಡ್ತಾವ್ರೆ. ಅಜ್ಜಿಗೆ ಇಂಥ ಕಾಯಿಲೆ ಅಂತ ಗೊತ್ತಾದ್ರೆ, ನಾಳೆ ಹುಡುಗೀಗೂ ಬರ್ತದೆ ಅಂತ ಹಿಂದೆ ಸರೀತಾರೆ."

"ಯಾರಿಗೂ ಹೇಳಲ್ಲ ಅತ್ತೆ" ಎಂದೆ. ಮಾತು ಕೊಡುವುದು ಎಷ್ಟು ಸುಲಭ, ಅಲ್ಲವೇ?

ಅತ್ತೆ ಅನ್ನ ಕಡಿಮೆ ಮಾಡಿದರು. ಹಬ್ಬದ ಒಬ್ಬಟ್ಟನ್ನೂ ಬಿಟ್ಟರು. ಕಾಫಿಯನ್ನು ಮಾತ್ರ ಬಿಡಲಾಗಲಿಲ್ಲ. ಸಕ್ಕರೆ ಹಾಕದೆ ಕೊಟ್ಟರೆ ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ತಳ್ಳುತ್ತಿದ್ದರು. ಅದನ್ನು ನೋಡುವುದು ಇನ್ನೂ ಕಷ್ಟ.

ಸಕ್ಕರೆಗೆ ಬದಲು ಏನು? ರೇಷನ್ ಸಕ್ಕರೆ ಮುಗಿದಾಗ ನಾವೆಲ್ಲ ಬೆಲ್ಲದ ಕಾಫಿಯನ್ನೇ ಕುಡಿಯುವುದು. ಅದನ್ನೇ ಕೊಡೋಣವೇ ಎಂದು ಡಾಕ್ಟರನ್ನು ಕೇಳಿದೆ. "ಹೊಟ್ಟೆ ಒಳಗೆ ಹೋದ ಮೇಲೆ ಬೆಲ್ಲಕ್ಕೂ ಸಕ್ಕರೆಗೂ ಏನಮ್ಮ ವ್ಯತ್ಯಾಸ?" ಎಂದು ಗದರಿದರು. ಪಕ್ಕದ ಮನೆಯವರು ಜೇನುತುಪ್ಪ ಎಂದರು. ಅದಕ್ಕೂ ಡಾಕ್ಟರದು ಅದೇ ಉತ್ತರ. ಕೊನೆಗೆ ಡಾಕ್ಟರೇ, ಸಕ್ಕರೆಯಲ್ಲದೆ ಸಿಹಿ ಕೊಡುವ ಸ್ಯಾಕರಿನ್ ಹೆಸರು ಹೇಳಿದರು.

ನಮ್ಮವರು ಔಷಧಿ ಅಂಗಡಿಯಿಂದ ಒಂದು ಪುಟ್ಟ ಸೀಸೆ ತಂದರು. ಒಳಗೆ ಸಾಸಿವೆಗಿಂತ ಕೊಂಚ ದೊಡ್ಡ ಬಿಳಿ ಮಾತ್ರೆಗಳು. "ಅವ್ವಂಗೆ ಹೇಳ್ಬೇಡ. ಮಾತ್ರೆ ಹಾಕಿದ ಕಾಫಿ ಅಂದ್ರೆ ಮುಟ್ಟಲ್ಲ" ಎಂದರು. ನನಗೂ ಸರಿಯೆನ್ನಿಸಿತು. ವಯಸ್ಸಾದವರಿಗೆ ಎಲ್ಲವನ್ನೂ ಬಿಡಿಸಿ ಹೇಳಲಾಗುತ್ತದೆಯೇ?

ಮೊದಲ ಲೋಟ ಕುಡಿದ ಅತ್ತೆಯ ಮುಖ ಅರಳಿತು. "ಸಕ್ಕರೆ ಹಾಕಿದೀಯೇನವ್ವ?"

"ಒಂಚೂರು ಹಾಕಿದೀನಿ ಅತ್ತೆ. ಅಷ್ಟು ಪರವಾಗಿಲ್ಲ ಅಂದ್ರು ಡಾಕ್ಟರು."

ಎಷ್ಟು ಸಲೀಸಾಗಿ ಬಂತು ಸುಳ್ಳು! ಆ ದಿನ ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಸ್ಯಾಕರಿನ್ ಕುಡಿದವರಿಗೆ ಗೊತ್ತು. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಒಂದು ಥರದ ಕಹಿ. ಅದು ಬೇಗ ಹೋಗುವುದೂ ಇಲ್ಲ. ಅತ್ತೆ ಕೇಳಿದರು: "ಯಾಕೋ ಕಾಫಿ ಕುಡಿದ ಮೇಲೆ ಬಾಯೆಲ್ಲ ಕಹಿ ಆಯ್ತದೆ. ಏನದು?"

"ಡಿಕಾಕ್ಷನ್ ಗಟ್ಟಿ ಆಗಿರಬೇಕು" ಎಂದೆ.

ಮತ್ತೆ ಕೇಳಲಿಲ್ಲ. ಕೇಳುವುದನ್ನು ಬಿಟ್ಟು ನೋಡತೊಡಗಿದರು. ನಡುಮನೆಯಲ್ಲಿ ಕೂತರೆ ಅಡುಗೆಮನೆ ಕಾಣುತ್ತದೆ. ನಾನು ಬಾಗಿಲಿಗೆ ಬೆನ್ನು ಮಾಡುವುದು, ಸೆರಗಿನ ಗಂಟಿನಿಂದ ಏನೋ ತೆಗೆಯುವುದು, ಅವರದೊಂದೇ ಲೋಟಕ್ಕೆ ಹಾಕುವುದು, ಎಲ್ಲವೂ ಅವರಿಗೆ ಕಂಡಿತ್ತು. ಅದು ನನಗೆ ಗೊತ್ತಿರಲಿಲ್ಲ.

ಒಂದು ದಿನ ನಾನು ಎರಡು ಲೋಟ ತಂದಿಟ್ಟು ಕೂತೆ. ಅತ್ತೆ ಕೈಚಾಚಿ ನನ್ನ ಲೋಟ ತೆಗೆದುಕೊಂಡು ತಮ್ಮದನ್ನು ನನ್ನ ಕಡೆ ಸರಿಸಿದರು. "ಇವತ್ತು ನೀನು ಇದು ಕುಡಿ."

ನನ್ನ ಲೋಟದಲ್ಲಿದ್ದದ್ದು ಸಕ್ಕರೆ. ನನಗೆ ಗಾಬರಿಯಾಯಿತು. "ಅಯ್ಯೋ, ಅದು ನಿಮ್ಮದಲ್ಲ" ಎಂದು ಅವರ ಕೈಯಿಂದ ಕಿತ್ತುಕೊಂಡೇ ಬಿಟ್ಟೆ.

ಈಗ ಹೇಳಿ, ಅವರ ಜಾಗದಲ್ಲಿ ನೀವಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ?

ಮಾರನೆಯ ದಿನ, ಜಯಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಅತ್ತೆ ಗುಬ್ಬಿಗೆ ಹೋದರು. ಮಗಳ ಮುಂದೆ ಅತ್ತರಂತೆ. ಜಯಮ್ಮ ಹಿಂದುಮುಂದು ನೋಡದೆ ತಾಯಿಯನ್ನು ಕರೆದುಕೊಂಡು ಹೊರಟರು. ಕುಣಿಗಲ್ ಹತ್ತಿರದ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದಾನಂತೆ. ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವವರು ತುಮಕೂರಿನಲ್ಲೇ ಬಸ್ಸು ಬದಲಾಯಿಸಬೇಕು. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ಕಾದು ಕೂತಿದ್ದಾರೆ. ಅಲ್ಲಿಂದ ನಮ್ಮ ಮನೆ ನಡೆದುಹೋಗುವಷ್ಟು ಹತ್ತಿರ. ಬರಲಿಲ್ಲ. ನನ್ನ ಕೈಯ ನೀರೂ ಬೇಡವಾಗಿತ್ತು ಅವರಿಗೆ.

ಆ ಮನುಷ್ಯ ಅತ್ತೆಯನ್ನು ಉಪವಾಸ ಕೆಡವಿದ. ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ. ಹೊರಬಿದ್ದದ್ದನ್ನು ಕಡ್ಡಿಯಲ್ಲಿ ಕೆದಕಿ "ನೋಡಿ, ಇದೇ" ಎಂದು ತೋರಿಸಿದ. ಮೊದಲೇ ಕಾಯಿಲೆಯ ಮೈ. ಗುಬ್ಬಿಗೆ ವಾಪಸು ಬರುವ ಹೊತ್ತಿಗೆ ಅತ್ತೆಗೆ ಎಚ್ಚರ ತಪ್ಪುತ್ತಿತ್ತು. ಸುದ್ದಿ ಬಂದ ಕೂಡಲೇ ನಾವಿಬ್ಬರೂ ಬಸ್ಸು ಹತ್ತಿದೆವು.

ಜಯಮ್ಮ ಬಾಗಿಲಲ್ಲೇ ತಡೆದರು. "ಒಳಗೆ ಕಾಲಿಡಬೇಡ. ನಮ್ಮವ್ವಂಗೆ ಮದ್ದು ಹಾಕ್ದೋಳು ನೀನು!" ಅಕ್ಕಪಕ್ಕದ ಮನೆಯವರು ಜಗಲಿಗೆ ಬಂದು ನಿಂತರು. ನಾನು ನಮ್ಮವರ ಕಡೆ ನೋಡಿದೆ. ಸೀಸೆ ತಂದವರು ಅವರು. ಹೇಳಬೇಡ ಎಂದವರು ಅವರು. ಅವರು ತಮ್ಮ ಚಪ್ಪಲಿ ನೋಡುತ್ತಾ ನಿಂತಿದ್ದರು.

ಜಯಮ್ಮನವರನ್ನು ಸರಿಸಿ ನಾನು ನಡುಮನೆಗೆ ನುಗ್ಗಿದೆ. ಚಾಪೆಯ ಮೇಲೆ ಅತ್ತೆ. ಮೊಮ್ಮಗಳು ತಲೆಯ ಹತ್ತಿರ ಕೂತು ನೀರು ಕುಡಿಸುತ್ತಿದ್ದಳು. ಜಯಮ್ಮನವರ ಅತ್ತೆ, ಅಂದರೆ ನಮ್ಮತ್ತೆಯ ಬೀಗಿತ್ತಿ, ಕಂಬಕ್ಕೊರಗಿ ಕೂತಿದ್ದರು. ಎಲ್ಲರ ಮುಂದೆ ಸೆರಗಿನ ಗಂಟಿನಿಂದ ಆ ಸೀಸೆ ತೆಗೆದು ನೆಲಕ್ಕೆ ಕುಕ್ಕಿದೆ.

"ಇದು ಮದ್ದಲ್ಲ ಅತ್ತಿಗೆ. ಸ್ಯಾಕರಿನ್. ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರ್ ಹೇಳಿ ಕೊಟ್ಟಿದ್ದು. ಬೇಕಾದ್ರೆ ನಾನೇ ತಿಂದು ತೋರಿಸ್ತೀನಿ."

ತಿಂದೂ ತೋರಿಸಿದೆ.

ಅಲ್ಲಿಯವರೆಗೆ ಅತ್ತೆ ನನ್ನನ್ನು ಹೆದರಿಕೊಂಡು ನೋಡುತ್ತಿದ್ದರು. ಸಕ್ಕರೆ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ಗೋಡೆಯ ಕಡೆ ತಿರುಗಿಕೊಂಡರು. ಬೀಗಿತ್ತಿ ಕಂಬ ಬಿಟ್ಟು ನೆಟ್ಟಗೆ ಕೂತರು. "ಸಕ್ಕರೆ ಕಾಯಿಲೆನಾ? ಅದು ವಂಶಕ್ಕೇ ಬರ್ತದಂತಲ್ಲ! ಲೇ, ಆ ಲೋಟ ಬೇರೆ ಇಡು. ನೀನೂ ದೂರ ಕೂತ್ಕೋ." ಮೊಮ್ಮಗಳ ಕೈ ನಡುವೆಯೇ ನಿಂತಿತು.

ಜಗಲಿಯ ಜನ ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಗುಬ್ಬಿಯಲ್ಲಿ ಯಾರಿಗೆ ಗೊತ್ತಾಗಲು ಬಾಕಿ?

ನನಗೆ ಮಾತ್ರ ಮರ್ಯಾದೆ ವಾಪಸು ಬಂತು. ಜಯಮ್ಮ ನನ್ನ ಎರಡೂ ಕೈ ಹಿಡಿದು, "ತಪ್ಪಾಯ್ತು ಕಣೇ ಶಾರದಾ" ಎಂದು ಅತ್ತರು. ಮಣೆ ಹಾಕಿ ಕೂರಿಸಿದರು. ಡಾಕ್ಟರನ್ನು ಕರೆತರಲು ನಮ್ಮವರು ಓಡಿದ್ದರು. ಅಷ್ಟರಲ್ಲಿ ನನಗೆ ಕಾಫಿ ಬಂತು, ಸಕ್ಕರೆ ಹಾಕಿದ್ದು. ಅತ್ತೆಯ ಲೋಟ ಬಚ್ಚಲ ಹತ್ತಿರ ಬೇರೆಯಾಗಿ ಕೂತಿತ್ತು. ನಾನು ಆ ಕಾಫಿಯನ್ನು ಕುಡಿದೆ. ಪೂರ್ತಿ ಕುಡಿದೆ.

ಗುಬ್ಬಿಯ ಡಾಕ್ಟರು ಚೆನ್ನಾಗಿ ನೋಡಿಕೊಂಡರು. ಅತ್ತೆ ಎದ್ದು ಓಡಾಡುವಂತಾದ ಮೇಲೆ ಕರೆತಂದೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ತಾವಾಗಿ ಒಂದೇ ಸಲ ಮಾತಾಡಿದರು.

"ಮದ್ದೇ ಆಗಿದ್ರೆ ಚೆನ್ನಾಗಿತ್ತು ಬುಡು."

"ಯಾಕತ್ತೆ ಹಂಗಂತೀರಿ?"

"ಮದ್ದಾಗಿದ್ರೆ ನಾನೊಬ್ಳು ಸಾಯ್ತಿದ್ದೆ. ಈಗ ಆ ಮಗು ಮದುವೆ ಕೆಡ್ತದೆ."

ಜಯಮ್ಮನ ಮನೆಯಲ್ಲಿ ಸೀಸೆ ತೋರಿಸಿ, ಇದು ಸಕ್ಕರೆಯ ಬದಲು ಹಾಕುವ ಮಾತ್ರೆ ಎಂದಷ್ಟೇ ಹೇಳಬಹುದಿತ್ತು. ರೇಷನ್ ಸಕ್ಕರೆ ಸಾಲದೆ ಹಾಕಿದೆ ಎಂದಿದ್ದರೆ ಯಾರಾದರೂ ಅಲ್ಲ ಎನ್ನುತ್ತಿದ್ದರೇ? ಅಷ್ಟು ದಿನ ಅತ್ತೆಗೆ ಸಲೀಸಾಗಿ ಸುಳ್ಳು ಹೇಳಿದವಳಿಗೆ, ಅತ್ತೆಗೋಸ್ಕರ ಒಂದು ಸುಳ್ಳು ಬೇಕಾದಾಗ ನಿಜವೇ ಬಾಯಿಗೆ ಬಂತು. ಯಾಕೆಂದರೆ ಆಗ ಹೋಗುತ್ತಿದ್ದದ್ದು ನನ್ನ ಮಾನ.

ಇನ್ನೊಂದು ಮಾತು. ಆ ಕಾಫಿಗೆ ಏನು ಹಾಕಬೇಕೆಂದು ಡಾಕ್ಟರನ್ನು ಕೇಳಿದೆವು. ಔಷಧಿ ಅಂಗಡಿಯವನನ್ನು ಕೇಳಿದೆವು. ಪಕ್ಕದ ಮನೆಯವರ ಮಾತೂ ಕೇಳಿದೆವು. ಕುಡಿಯುವವರನ್ನು ಮಾತ್ರ ಕೇಳಲಿಲ್ಲ. ನಿಮ್ಮ ಮನೆಗಳಲ್ಲಿ ಕೇಳುತ್ತೀರಾ? ಅಜ್ಜನ ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಡುತ್ತೇವೆ. ಅಜ್ಜಿಯ ಎಲೆಯಡಿಕೆ ಚೀಲವನ್ನು ಅಟ್ಟದ ಮೇಲೆ ಎಸೆಯುತ್ತೇವೆ. ಯಾಕೆಂದು ಕೇಳಿದರೆ, ಅವರ ಒಳ್ಳೆಯದಕ್ಕೇ ಅನ್ನುತ್ತೇವೆ.

ಮನೆಗೆ ಬಂದ ಮೇಲೆ ಸೀಸೆಯನ್ನು ಅತ್ತೆಯ ಮುಂದಿಟ್ಟೆ. ಬೆಲ್ಲ, ಜೇನು ಯಾಕೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಇದನ್ನು ಹಾಕಿಕೊಳ್ಳುತ್ತೀರೋ, ಸಪ್ಪೆ ಕುಡಿಯುತ್ತೀರೋ, ಕಾಫಿಯನ್ನೇ ಬಿಡುತ್ತೀರೋ ಎಂದು ಕೇಳಿದೆ. ಅತ್ತೆ ಒಂದು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಉಗುರಿನಿಂದ ಅರ್ಧ ಮಾಡಿ ತಾವೇ ಲೋಟಕ್ಕೆ ಹಾಕಿಕೊಂಡರು. "ಇದು ಅಂತ ಗೊತ್ತಿದ್ರೆ ಕಹಿ ತಡ್ಕೋಬೋದು. ಗೊತ್ತಿಲ್ದಿದ್ರೆ ಜೀವ ಹೆದರ್ತದೆ" ಎಂದರು. ಈಗ ದಿನವೂ ಹಾಗೆಯೇ ಕುಡಿಯುತ್ತಾರೆ.

ಗಂಡಿನ ಮನೆಯಿಂದ ಗುಬ್ಬಿಗೆ ಇನ್ನೂ ಉತ್ತರ ಬಂದಿಲ್ಲ. ಜಯಮ್ಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ.

ಇದನ್ನೆಲ್ಲ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. ಈ ಸಲ ಮರೆಯದೆ ಕೇಳಿದೆ. ಕಡಲೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು:

"ಬರ್ಕೋ. ಮುಚ್ಚಿಡಾಕೆ ಇನ್ನೇನು ಉಳಿಸಿದೀಯ?"