ಎಲೆಯ ಗಂಡ, ಪ್ಲೇಟಿನ ಗಂಡ

ನನ್ನ ಗಂಡನನ್ನು ಮುತ್ತಲ ಎಲೆಯಲ್ಲಿ ಕಟ್ಟಿ ಹಿತ್ತಲಲ್ಲಿ ಮಲಗಿಸಿದ ದಿನವೇ ಭಾಲ್ಕಿಯ ನಮ್ಮ ಮನೆಗೆ ಗ್ರಾಮಫೋನು ಬಂತು. ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗಂಡನ ಅಣ್ಣ, ನಮ್ಮ ಭಾವ, ತಹಸೀಲಿನಲ್ಲಿ ಗುಮಾಸ್ತರು. ಉರ್ದುವಿನಲ್ಲೇ ಕೂದಲು ಹಣ್ಣಾದ ಮೇಲೆ ಕನ್ನಡ ಅಕ್ಷರ ತಿದ್ದುವ ಕರ್ಮ ಬಂತಲ್ಲ ಎಂದು ಗೊಣಗುತ್ತಲೇ ಅವರು ಬೆಳಿಗ್ಗೆಯೆಲ್ಲ ಎಲೆ ಜೋಡಿಸಿದ್ದರು.

ಹೋದವನ ಸುದ್ದಿ ಹನ್ನೆರಡು ವರ್ಷ ಬರದಿದ್ದರೆ ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸುವುದು ನಮ್ಮವರ ಪದ್ಧತಿ. ಸುಡಲು ಹೆಣವಿಲ್ಲವಲ್ಲ, ಅದಕ್ಕೆ ಎಲೆ, ದರ್ಭೆಯಲ್ಲಿ ಮೈ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು ಸುಡುತ್ತಾರೆ. ಮರುದಿನ ಬೆಳಿಗ್ಗೆ ಅದಕ್ಕೆ ಬೆಂಕಿ, ಅದರ ಹಿಂದೆಯೇ ನನ್ನ ಬಳೆ, ಕುಂಕುಮ. ನಿನಗೆ ಹೇಗೆನಿಸುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಭಯವಾಗಿತ್ತು. ಕಾಯಿಯ ಮೂರು ಕಣ್ಣೂ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದವು. ನಾನು ಎರಡು ಸಲ ಹೋಗಿ ತಿರುಗಿಸಿಟ್ಟು ಬಂದೆ. ಅತ್ತೆ ಹೋದಾಗಲೆಲ್ಲ ಮಗನ ಕುತ್ತಿಗೆ ನೋಯುತ್ತದೆಂಬಂತೆ ಕೆಳಗಿನ ಬಟ್ಟೆ ಸರಿಮಾಡುತ್ತಿದ್ದರು. ಅವರು ಎದ್ದು ಬಂದ ಮೇಲೆ ನೋಡಿದರೆ ಕಣ್ಣು ಮತ್ತೆ ನನ್ನ ಕಡೆಗೇ ಇರುತ್ತಿದ್ದವು.

ಅವನು ಮದುವೆಯಾದ ಹೊಸತರಲ್ಲೇ ಹೋದವನು. ಬೀದರಿನಲ್ಲಿ ಓದುವಾಗ ಚರ್ಚಿನ ಮಾಸ್ತರರೊಬ್ಬರಿಂದ ಗಿಟಾರು ಕಲಿತಿದ್ದ. ಆಮೇಲೆ ಹೈದರಾಬಾದಿಗೆಂದು ಹೊರಟವನ ಸುದ್ದಿಯೇ ಇಲ್ಲ. ಮಾವನವರು ಹುಡುಕಿ ಹುಡುಕಿ ಸೋತು, ಹಿಂದಿನ ವರ್ಷ ತೀರಿಕೊಂಡಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಬೀದರಿನಿಂದ ಚಾಚಾ ಬಂದರು. ಮಾವನವರ ಹಳೆಯ ಗೆಳೆಯರು, ಚೌಬಾರದ ಹತ್ತಿರ ಅವರ ಗ್ರಾಮಫೋನಿನ ಅಂಗಡಿ. ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು, ರಟ್ಟಿನ ಹೊದಿಕೆಯೊಳಗಿನಿಂದ ಮೂರು ಪ್ಲೇಟು ಹೊರತೆಗೆದರು. ಹೊದಿಕೆಯ ಮೇಲೆ ಹ್ಯಾಟು ಮುಖಕ್ಕೆ ಎಳೆದುಕೊಂಡು ಗಿಟಾರು ಹಿಡಿದ ಒಬ್ಬನ ಚಿತ್ರ. ಮೂಗೂ ಕಾಣದು. ಹೆಸರು ನಾವ್ಯಾರೂ ಕೇಳದ ಹೆಸರು.

"ಭಾಭೀ," ಎಂದರು ಅತ್ತೆಗೆ, "ಸುಡೂಕಿಂತ ಮೊದಲ ಇದೊಂದು ಕೇಳ್ರಿ. ಹಾಡಾವ ನಿಮ್ಮ ಹುಡುಗನೇ ಅಂತಾರ ಮಂದಿ, ಖರೇನೋ ಸುಳ್ಳೋ, ನನಗ ಗೊತ್ತಿಲ್ಲರಿ. ಬೀದರದಾಗ ಇದರ ಮ್ಯಾಲ ದಿನಾ ಜಗಳ ನಡದದ. ಚಹಾ ಹೋಟೆಲಿನವ ಇದು ಬಿಟ್ಟು ಬ್ಯಾರೆ ಹಚ್ಚೂದೇ ಇಲ್ಲ. ನೌಬಾದದ ಒಬ್ಬರು ಮಾತ್ರ ಒಯ್ದು, ಎರಡನೇ ದಿನಾನೇ ವಾಪಸ್ ತಂದ್ರು."

"ಯಾಕಂತ?" ಎಂದರು ಭಾವ.

"ಹಾಡು ಛಲೋ ಅದಾವ, ಆದ್ರ ಕಡೀ ಪ್ಲೇಟು ಹಚ್ಚಿದ್ರ ಮನ್ಯಾಗ ಯಾರೋ ಬಂದಂಗ ಆಗ್ತದ, ಹೆಂಗಸರು ಅಂಜ್ತಾರ ಅಂದ್ರು."

ಮೊದಲನೆಯ ಪ್ಲೇಟು ಹಚ್ಚಿದರು. ಬೊಂಬಾಯಿ ಹಿಂದಿಯಲ್ಲಿ ಇಂಗ್ಲಿಷ್ ಧಾಟಿಯ ಕುಣಿತದ ಹಾಡು. ನಿಜ ಹೇಳುತ್ತೇನೆ, ನನಗೆ ಸೇರಲಿಲ್ಲ. ಬೆಲ್ಲದ ಪಾಕಕ್ಕೆ ಇನ್ನಷ್ಟು ಬೆಲ್ಲ ಸುರಿದ ಹಾಗಿತ್ತು. ಎರಡನೆಯದು ಅದರ ತಮ್ಮ.

"ಇದೇನು ಹಾಡಾ? ಹಲ್ಲು ನೋವಿದ್ದವ ನರಳಿದಂಗ ಅದ," ಎಂದರು ಭಾವ. "ನಮ್ಮವನ ದನಿ ಇದಲ್ಲರಿ ಚಾಚಾ. ಅವನ ದನಿ ತೆಳ್ಳಗಿತ್ತು."

ಅತ್ತೆ ಹೊದಿಕೆಯ ಚಿತ್ರವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಏನು ಹೇಳಲಿ? ನಾವು ಒಟ್ಟಿಗೆ ಇದ್ದುದೇ ಒಂದು ಮಳೆಗಾಲ, ಅದರಲ್ಲೂ ಹಗಲಲ್ಲಿ ಮಾತಾಡುವ ಹಾಗಿರಲಿಲ್ಲ. ಗಂಡನ ದನಿಯೇ ನನಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಕಡೆಯ ಪ್ಲೇಟು ಬೇರೆಯೇ ಇತ್ತು. ಗಿಟಾರಿನ ತಂತಿಯನ್ನು ಎಳೆದೆಳೆದು ಬಿಡುತ್ತಿದ್ದ. ಒಂದೇ ಸಾಲನ್ನು ಮತ್ತೆ ಮತ್ತೆ, ಸಲಸಲಕ್ಕೂ ದನಿ ತಗ್ಗಿಸಿ ಹಾಡುತ್ತಿದ್ದ, ಹಾಡುವವನು ಪಡಸಾಲೆಯಿಂದ ಎದ್ದು ಹಿಂದಕ್ಕೆ ಹಿಂದಕ್ಕೆ ಹಿತ್ತಲಿಗೆ ಹೋದಂತೆ. ಭಾವ ಕೂಡ ಹಲ್ಲುನೋವಿನ ಮಾತಾಡಲಿಲ್ಲ. ಹಾಡು ಮುಗಿಯಿತು, ಮುಳ್ಳು ಕರಕರ ಎನ್ನುತ್ತ ಖಾಲಿ ಗೆರೆಯಲ್ಲಿ ಓಡಿತು. ಆಗ ಪೆಟ್ಟಿಗೆಯೊಳಗೆ ಯಾರೋ ಕೆಮ್ಮಿದರು. ಎರಡು ಸಲ ಗಿಡ್ಡಗೆ, ಆಮೇಲೆ ಗಂಟಲೊಳಗೇ ಉದ್ದಕ್ಕೆ ಹೂಂಕಾರ.

ನನ್ನ ಕೈ ತಾನಾಗಿ ಸೆರಗನ್ನು ಹಣೆಯವರೆಗೆ ಎಳೆಯಿತು. ಅತ್ತೆ ಎದ್ದರು, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಹೊರಬಾಗಿಲಿನ ಮೆಟ್ಟಿಲ ಮೇಲಿಟ್ಟರು. ಕಾಲು ತೊಳೆಯಲು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಹಿರಿಯ ಗಂಡಸು ಸುಮ್ಮನೆ ಒಳಗೆ ಬರುವುದಿಲ್ಲ. ಹೊಸ್ತಿಲಾಚೆ ನಿಂತು ಕೆಮ್ಮುತ್ತಾನೆ, ಸೊಸೆ ಸೆರಗು ಹೊದೆಯಲಿ ಎಂದು. ಪೆಟ್ಟಿಗೆಯಲ್ಲಿ ಬಂದದ್ದು ಮಾವನವರ ಕೆಮ್ಮು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದು. ಹಿಂದಿನ ವರ್ಷವೇ ನಮ್ಮವರು ಸ್ಮಶಾನದಲ್ಲಿ ಸುಟ್ಟು ಬಂದ ಗಂಟಲು.

"ಅವರು ಬಂದಾರ," ಎಂದರು ಅತ್ತೆ, ಬಾಗಿಲಲ್ಲೇ ನಿಂತು.

ಚಾಚಾ ಮುಳ್ಳು ಎತ್ತಿಟ್ಟು ಮೆಲ್ಲಗೆ ಹೇಳಿದರು: "ಸತ್ತವರು ಬೊಂಬಾಯಿಗೆ ಹೋಗಿ ಹಾಡಂಗಿಲ್ಲರಿ ಭಾಭೀ. ಹುಡುಗಗ ವಯಸ್ಸಾಗ್ಯದ. ಅಪ್ಪನ ಗಂಟಲು ಬಂದದ, ಅಷ್ಟೇ."

ಭಾವ ಇನ್ನೊಮ್ಮೆ ಹಚ್ಚಿಸಿ ಕೇಳಿದರು, ಮತ್ತೊಮ್ಮೆ ಕೇಳಿದರು. ಆಮೇಲೆ ಹಿತ್ತಲಿಗೆ ಹೋಗಿ ದಾರ ಬಿಚ್ಚಿ, ಎಲೆಗಳನ್ನು ಒಂದೊಂದಾಗಿ ಕಿತ್ತು ಬೇಲಿಯಾಚೆ ಎಸೆದರು. ಬದುಕಿದವನನ್ನು ಸುಡುವುದುಂಟೇ? ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಿನ್ನ ಕುಂಕುಮ ಗಟ್ಟಿ ಅದ ನೋಡವ್ವ ಎಂದರು. ಸಕ್ಕರೆ ಬಾಯಲ್ಲಿಟ್ಟುಕೊಂಡೇ ನನಗೆ ಮೈಯೆಲ್ಲ ಉರಿಯಿತು. ಕೆಮ್ಮಲು ಗಂಟಲಿದೆ, ಹಾಡಲು ಗಂಟಲಿದೆ, ಊರಿನ ದಾರಿ ಗೊತ್ತಿದೆ. ಅಪ್ಪ ಸತ್ತಾಗಲೂ ಬರಲಿಲ್ಲ. ಅವನಿಗೆ ನಾವು ಎಲೆಯ ಗೊಂಬೆಗಳು. ನಮ್ಮನ್ನು ಅವನು ಎಂದೋ ಸುಟ್ಟು ಕೈ ತೊಳೆದುಕೊಂಡಿದ್ದ. ಅದುವರೆಗೆ ನಾನು ಅವರು ಎನ್ನುತ್ತಿದ್ದವಳು, ಆ ಸಂಜೆಯಿಂದ ಅವನು ಎನ್ನುತ್ತೇನೆ.

ಔರಾದಿನ ನನ್ನ ತವರಿನಲ್ಲಿ ಅಪ್ಪ ನನಗೆ ಮನೆಯಲ್ಲೇ ಕನ್ನಡ ಓದುಬರಹ ಕಲಿಸಿದ್ದರು. ಶಾಲೆಯೆಲ್ಲ ಉರ್ದು ಇದ್ದ ಕಾಲಕ್ಕೆ ಅದು ಯಾತಕ್ಕೂ ಬಾರದ ವಿದ್ಯೆ. ಈಗ ಜಿಲ್ಲೆಯಲ್ಲೆಲ್ಲ ಕನ್ನಡ ಕಲಿಸುವವರು ಬೇಕಾಗಿದ್ದರು. ವಾರ ಕಳೆಯುವುದರೊಳಗೆ ಬೀದರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಕೆಲಸ ವಿಚಾರಿಸಲು ಅಪ್ಪನಿಗೆ ಹೇಳಿ ಕಳಿಸಿದೆ. ಶಾಲೆಯವರು ಬಾ ಎಂದರು. ಹೊರಡುವ ಬೆಳಿಗ್ಗೆ ಅತ್ತೆಯ ಕಾಲಿಗೆ ಬಿದ್ದು ಹೇಳಿದೆ.

"ಅಂವ ಸತ್ತಿದ್ರ ನಿಮ್ಮ ಜೋಡಿನೇ ಕುಂತು ಅತ್ತು ಇದ್ದುಬಿಡ್ತಿದ್ದೆರಿ. ಬದುಕ್ಯಾನ. ಅದಕ್ಕ ಹೋಗ್ತೇನಿ."

ಅವರು ಬೈಯುತ್ತಾರೆಂದು ಕಾದೆ. ಚಾಚಾನ ಗ್ರಾಮಫೋನನ್ನು ಅತ್ತೆ ವಾಪಸು ಒಯ್ಯಗೊಟ್ಟಿರಲಿಲ್ಲ. ಅದರ ಮುಂದೆ ಹೋಗಿ ಕೂತು, ಕಡೆಯ ಪ್ಲೇಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಹೋಗವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಕೆಮ್ಮಿಗೆ ಮುಳ್ಳು ಎಲ್ಲಿ ಇಡಬೇಕು ಅಂತ ಕಲಿಸಿ ಹೋಗು," ಎಂದರು. "ನನಗ ಆ ಮಗನ ಹಾಡು ಬ್ಯಾಡ. ನಮ್ಮವರು ಮನಿಗೆ ಬರೂದಷ್ಟೇ ಸಾಕು."